ಡಿಕ್ಕಿಯಲ್ಲಿ ಎರಡು ಗಡಿಗೆ

ಸಂಗೀತದ ವಿಷಯದಲ್ಲಿ ನನಗೆ ಸ್ವಲ್ಪ ಜಂಭವಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಮೂರು ವರ್ಷ ಪಿಯಾನೋ ಕಲಿಸಿದ್ದರು. ಬಾರಿಸುವುದು ಬರಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂರುವುದು ಮಾತ್ರ ಬಂತು. ಹಾಗಾಗಿ ನಮ್ಮ ಹಳೆಯ ಕಾರಿಗೆ ಸ್ಟೀರಿಯೋ ಕೂಡಿಸಲು ಬಸವಕಲ್ಯಾಣದ ರೇಡಿಯೋ ರಿಪೇರಿಯ ಇಸ್ಮಾಯಿಲ್ ಮಿಸ್ತ್ರಿ ಎರಡು ಮಣ್ಣಿನ ಗಡಿಗೆ ಕೇಳಿದಾಗ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕೆ.

ಸ್ಟೀರಿಯೋ ನಮಗೆ ಶೋಕಿಯಾಗಿರಲಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಹುಮನಾಬಾದಿಗೆ ಪ್ರತಿ ಭಾನುವಾರ ಬರುವ ಕಣ್ಣಿನ ಡಾಕ್ಟರಿಗೆ ಬೇಗ ತೋರಿಸದಿದ್ದರೆ ಇದ್ದ ಬೆಳಕೂ ಹೋದೀತೆಂಬ ಭಯ. ಅತ್ತೆಗೋ, ಕಾರು ಊರು ದಾಟಿದರೆ ವಾಂತಿ. ಎರಡು ಸಲ ಅರ್ಧ ದಾರಿಯಿಂದ ತಿರುಗಿ ಬಂದೆವು.

"ಭಜನಿ ಕೇಳ್ಕೋತ ಕುಂತ್ರ ನನಗ ಹೊಟ್ಟಿ ನೆನಪs ಇರಂಗಿಲ್ಲ" ಎಂದು ಅತ್ತೆಯೇ ಉಪಾಯ ಹೇಳಿದರು. ಮನೆಯ ಟೇಪು ತೊಡೆಯ ಮೇಲಿಟ್ಟು ನೋಡಿದೆವು. ಇಂಜಿನ್ನಿನ ಗದ್ದಲ, ಜೊತೆಗೆ ಅವರ ಮಂದ ಕಿವಿ. "ಸೊಳ್ಳಿ ಗುಂಯ್ ಅಂದಂಗ ಆಗ್ತದ" ಎಂದುಬಿಟ್ಟರು.

ಹೊಸ ಸ್ಟೀರಿಯೋ ನಮ್ಮ ಕೈಗೆಟುಕುವಂಥದ್ದಲ್ಲ. ಮಿಸ್ತ್ರಿ ಗುಜರಿ ಲಾರಿಯಿಂದ ಬಿಚ್ಚಿದ ಟೇಪು ತಂದರು, ಕೆಟ್ಟ ರೇಡಿಯೋಗಳಿಂದ ಎರಡು ಸ್ಪೀಕರು ಕಿತ್ತರು. "ದನಿಗಿ ಹೊಟ್ಟಿ ಬೇಕ್ರಿ ಭಾಬಿ. ಅದಕ್ಕs ಗಡಗಿ" ಎಂದರು. ಯೋಚಿಸಿದರೆ ಹೌದಲ್ಲ! ಘಟದ ವಿದ್ವಾಂಸರು ಹೊಟ್ಟೆಗೆ ಅವುಚಿಕೊಳ್ಳುವುದು ಇನ್ನೇನನ್ನು? ಬಿಜಾಪುರದ ಗೋಳಗುಮ್ಮಟವಾದರೂ ಬೋರಲು ಹಾಕಿದ ಗಡಿಗೆಯೇ ತಾನೆ?

ನಾನೇ ಸಂತೆಯಲ್ಲಿ ತಟ್ಟಿ ತಟ್ಟಿ ಎರಡನ್ನು ಆರಿಸಿ ತಂದೆ. ಹೊಸ ಗಡಿಗೆ ಮನೆಗೆ ಬಂದರೆ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಅಭ್ಯಾಸಬಲದಿಂದ ಇಡೀ ದಿನ ನೀರಿನಲ್ಲಿ ಮುಳುಗಿಸಿಟ್ಟೆ. ಮಿಸ್ತ್ರಿ ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನಬೇಕಾದದ್ದು ಥಪ್ ಅಂದಿತು.

"ಯಾ ಅಲ್ಲಾ! ಇವಕ್ಕ ನೀರ ಕುಡಿಸೀರೇನ್ರಿ? ಸ್ಪೀಕರಿನ ಕಾಗದ ಅಂಬಲಿ ಆಗ್ತದಲ್ರಿ!"

"ಶಾಣ್ಯಾ ಸೊಸಿ. ಕಾರಿಗಿ ನೀರಡಿಕಿ ಆದೀತಂತ ಇಟ್ಟಾಳ" ಎಂದು ಅತ್ತೆ ಒಳಗಿನಿಂದ ಚುಚ್ಚಿದರು.

ಗಡಿಗೆ ಒಣಗುವಷ್ಟರಲ್ಲಿ ಒಂದು ಭಾನುವಾರ ಹೋಯಿತು. ಆ ವಾರವೆಲ್ಲ ಅತ್ತೆ ಬೇಳೆಯೊಳಗಿನ ಕಲ್ಲನ್ನು ಬೆರಳಿನಿಂದ ತಡಕುವುದು ಕಂಡಾಗ ನನ್ನ ಜೀವ ಚುರ್ ಎನ್ನುತ್ತಿತ್ತು.

ಮಿಸ್ತ್ರಿಯ ಕೆಲಸ ನೋಡುವುದೇ ಒಂದು ಸೊಗಸು. ಹಿಂದಿನ ಸೀಟಿನಾಚೆಯ ಹಲಗೆಗೆ ತೂತು ಕೊರೆದು ಸ್ಪೀಕರು ಕೂಡಿಸಿದರು. ಕೆಳಗೆ ಡಿಕ್ಕಿಯಲ್ಲಿ ಒಂದೊಂದಕ್ಕೂ ಒಂದು ಗಡಿಗೆ, ಬಾಯಿಗೆ ಬಾಯಿ ಹಚ್ಚಿ. ಹಾಡು ಶುರುವಾದಾಗ ಅವರು ಕಿವಿಗೊಡಲಿಲ್ಲ, ಗಡಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಮೂರು ವರ್ಷದ ನನ್ನ ಪಿಯಾನೋ ಆ ಅಂಗೈಗೆ ಮನಸ್ಸಿನಲ್ಲೇ ಕೈ ಮುಗಿಯಿತು. ರಸ್ತೆಯ ಕುಲುಕಾಟಕ್ಕೆ ಒಡೆಯದಿರಲೆಂದು ನಾನು ಹಳೆಯ ಸೀರೆಯ ಎರಡು ಸಿಂಬಿ ಸುತ್ತಿ ಗಡಿಗೆಗಳ ಕೆಳಗಿಟ್ಟೆ. "ಇದು ನನ್ನ ಔಜಾರದ ಡಬ್ಬ್ಯಾಗ ಇಲ್ರಿ" ಎಂದರು ಮಿಸ್ತ್ರಿ, ಸ್ಪ್ಯಾನರು ಒರೆಸಿ ಡಬ್ಬಿಗೆ ಹಾಕುತ್ತ. ನೀರಿನ ತಪ್ಪು ಅಲ್ಲಿಗೆ ತೊಳೆದುಹೋಯಿತೆಂದುಕೊಂಡೆ.

ಭಾನುವಾರ ಹೊರಟೆವು, ಸ್ಟೇರಿಂಗ್ ಹಿಡಿದು ನಮ್ಮ ಯಜಮಾನರು, ಹಿಂದೆ ಅತ್ತೆ ಮತ್ತು ನಾನು. ಕ್ಯಾಸೆಟ್ಟಿನಲ್ಲಿದ್ದುದು ಅತ್ತೆಯ ತವರು ದುಬಲಗುಂಡಿಯ ಭಜನೆ. "ಅಯ್ಯ, ತಬಲಾ ಬೆನ್ನಾಗ ಬಾರಸಾಕತ್ತದ!" ಎಂದವರೇ ನನ್ನ ಮೊಣಕಾಲ ಮೇಲೆ ತಾಳ ಹಾಕತೊಡಗಿದರು. ನಾವು ತಿರುಗಿ ಬಂದಿದ್ದ ಜಾಗ ಯಾವಾಗ ದಾಟಿತೋ! ಹುಮನಾಬಾದು ಬಂದೇಬಿಟ್ಟಿತು, ಕಾರು ಆಸ್ಪತ್ರೆಯ ಮುಂದೆ ನಿಂತಿತು.

"ಇಳಿ ಅವ್ವ, ನಂಬರ್ ಕೂಗಾಕತ್ತಾರ" ಎಂದರು ನಮ್ಮವರು.

"ಮಂಗಳಾರತಿ ಆಗಿಲ್ಲ. ಭಜನಿ ನಡುವs ಬಿಟ್ಟು ಎದ್ದು ಹೋಗತಾರೇನು?"

ಇನ್ನೂ ಕಾಲು ಗಂಟೆಯ ಹಾಡಿತ್ತು. ಕೊನೆಗೆ ಡಾಕ್ಟರೇ ಹೊರಗೆ ಬಂದು ಕಾರಿನೊಳಗೆ ಬಗ್ಗಿ ಟಾರ್ಚು ಬಿಟ್ಟರು. ರೆಪ್ಪೆ ಅವರ ಬೆರಳಲ್ಲಿ, ತಾಳ ನನ್ನ ಮೊಣಕಾಲಲ್ಲಿ. "ಪೊರಿ ಬಲಿತದ ಅಜ್ಜಿ, ತೆಗಿಬೇಕು. ಕಣ್ಣ ಬರ್ತದ" ಎಂದರು.

ತಾಳ ನಿಂತಿತು. ಅತ್ತೆಯ ಕೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿಯಿತು. ಅರ್ಧ ದಾರಿಯ ವಾಂತಿ ಪೂರ್ತಿ ಕಾರಿನದ್ದಾಗಿರಲಿಲ್ಲವೆಂದು ನನಗೆ ಹೊಳೆದದ್ದು ಆಗಲೇ.

"ಡಾಕ್ಟರ್ರ," ಎಂದರು ಅತ್ತೆ ಮೆಲ್ಲಗೆ, "ಕೊಯ್ಯೂವಾಗ ಈ ಗಡಗಿ ಒಳಗ ತರಬಹುದೇನ್ರಿ?"

ಡಾಕ್ಟರು ನಗಲಿಲ್ಲ. "ಒಂದ ತರ್ರಿ ಅಜ್ಜಿ. ಎರಡಕ್ಕ ಜಾಗಾ ಇಲ್ಲ" ಎಂದರು.