ಎಲ್ಲಾ ನೆಲಕ್ಕೂ ಒಗ್ಗುವ ಟೈರು

ನನ್ನ ಗಂಡನಿಗೆ ಟೈರಿನ ಹುಚ್ಚು ಹಿಡಿದಾಗ ನಾವು ವಿಜಯವಾಡದ ಭವಾನಿಪುರಂನಲ್ಲಿದ್ದೆವು. ಮೂಲ ಧಾರವಾಡದವರು, ಇವರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಅಲ್ಲಿ ತಂದು ಕೂರಿಸಿತ್ತು. ಕಾರಿನ ಹಳೆಯ ಟೈರುಗಳು ಸವೆದಿದ್ದವು, ಬದಲಾಯಿಸಬೇಕಿತ್ತು ನಿಜ. ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದರು. ಇವರು ಊಟದ ತಟ್ಟೆಯ ಪಕ್ಕ ಮೊಬೈಲ್ ಆನಿಸಿಟ್ಟು, ಯಾವನೋ ಗಡ್ಡದವನು ಹಿಮದಲ್ಲಿ, ಕೆಸರಲ್ಲಿ, ಬಂಡೆಯ ಮೇಲೆ ಜೀಪು ಹತ್ತಿಸುವುದನ್ನು ನೋಡುತ್ತ, ಅನ್ನಕ್ಕೆ ಹಾಕುವ ತುಪ್ಪವನ್ನು ಮೊಸರಿಗೆ ಹಾಕಿಕೊಳ್ಳುತ್ತಿದ್ದರು.

‘ಆಲ್ ಟೆರೇನ್’ ಎಂಬ ಮಾತು ನಮ್ಮ ಮನೆ ಹೊಕ್ಕಿದ್ದು ಹಾಗೆ. ಹೆದ್ದಾರಿಗೂ ಸೈ, ಕಚ್ಚಾ ದಾರಿಗೂ ಸೈ. ಟೈರಿನ ಅಂಗಡಿಯವನು ಮೊದಲು ಕೇಳಿದ್ದೇ, ಟಾರಿನ ಮೇಲೆ ಎಷ್ಟು ಓಡಿಸುತ್ತೀರಿ, ಮಣ್ಣಿನಲ್ಲಿ ಎಷ್ಟು ಅಂತ. ಇವರು ಗಂಭೀರವಾಗಿ ಅರ್ಧ ಅರ್ಧ ಎಂದುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ನಾವು ದೂರಕ್ಕೆಂದು ಕಾರು ತೆಗೆಯುತ್ತಿದ್ದದ್ದೇ ವಿಶಾಖಪಟ್ಟಣದ ಆಚೆ, ಭೀಮುನಿಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಗೆ. ಅವಳ ಗೇಟಿನ ತನಕ ನುಣ್ಣನೆಯ ಟಾರು ರಸ್ತೆ. ಕಚ್ಚಾ ದಾರಿ ಅಂತ ಇದ್ದರೆ ನೀರಿನ ಪೈಪಿಗೆಂದು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಅಗೆದು ಬಿಟ್ಟಿದ್ದ ಗುಂಡಿಯೊಂದೇ. ಹೆದ್ದಾರಿಯೇ ಹೆಚ್ಚಾದರೆ ಮೈಮೇಲೆ ಉಬ್ಬು ಗಟ್ಟಿಗಳಿರುವ ದಪ್ಪ ಬಟನ್ನಿನ ಟೈರು ಬೇಡ, ಸದ್ದು ಜಾಸ್ತಿ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ ಎಂದು ಅಂಗಡಿಯವನು ತಿಳಿಹೇಳಿದ. ಇವರು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ ದಪ್ಪ ಬಟನ್ನಿನದನ್ನೇ ಹಾಕಿಸಿಕೊಂಡರು.

ಟೈರಿಗಿಂತ ದೊಡ್ಡ ಚಿಂತೆ ಇವರಿಗೆ ಇನ್ನೊಂದಿತ್ತು, ಮಗಳ ಕನ್ನಡ. ಅವಳು ಆಗ ಹತ್ತನೇ ತರಗತಿ, ಕೈಗೂಸಾಗಿದ್ದಾಗಿನಿಂದ ಆಂಧ್ರದಲ್ಲೇ ಬೆಳೆದವಳು. ಇವರ ತೆಲುಗೋ, ‘ಕೂರ್ಚೋಂಡಿ, ಸಂತಕಂ ಪೆಟ್ಟಂಡಿ’ ಎಂದು ಗಿರಾಕಿಗಳನ್ನು ಕೂರಿಸಿ ಸಹಿ ಹಾಕಿಸುವಷ್ಟಕ್ಕೇ ನಿಂತಿತ್ತು, ನನ್ನದೂ ಅಷ್ಟಕ್ಕಷ್ಟೇ. ‘ಅವಳ ಬಾಯಿಂದ ಕನ್ನಡ ಹೋಗಿಬಿಟ್ಟರೆ ನನಗೂ ಅವಳಿಗೂ ಮಾತಾಡಲು ಏನುಳಿಯುತ್ತದೆ’ ಎಂದು ಒಮ್ಮೆ ಇವರು ನನ್ನೊಡನೆ ಹೇಳಿದಾಗ ಇವರಿಗೆ ನಿಜಕ್ಕೂ ಭಯವಾಗಿತ್ತು. ಅದಕ್ಕೇ ಮನೆಯಲ್ಲಾಗಲಿ ಕಾರಿನಲ್ಲಾಗಲಿ ಕನ್ನಡ ಬಿಟ್ಟು ಬೇರೆ ಮಾತು ಕೂಡದೆಂಬ ಕಟ್ಟಪ್ಪಣೆ. ಮಗಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಮಾತು ಕಡಿಮೆಯ ಹುಡುಗಿ, ಅಪ್ಪನ ಮನೆತನದವರ ಹಾಗೆ ಎಂದುಕೊಂಡಿದ್ದೆವು.

ಹೊಸ ಟೈರು ಹಾಕಿಸಿದ ಮೇಲೆ ಅಕ್ಕನ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಟೈರು ಗುಂಯ್ ಎನ್ನುತ್ತಿತ್ತು. ಸದ್ದೇ ಇಲ್ಲ ನೋಡು ಎಂದು ಇವರು ಕೂಗಿ ಹೇಳುತ್ತಿದ್ದರು. ಭೀಮುನಿಪಟ್ಟಣ ಬಂತು. ಅಕ್ಕನ ಮನೆಯ ಕಡೆ ತಿರುಗಬೇಕಾದವರು ಸಮುದ್ರದ ಕಡೆ ತಿರುಗಿಸಿ, ಸರ್ವೆ ಮರಗಳ ತೋಪಿನ ಮರಳು ದಾರಿಗೆ ಇಳಿಸಿಯೇಬಿಟ್ಟರು. ಸ್ವಲ್ಪ ದೂರ ಹೋಗಿ ಕಾರು ಹೂತು ನಿಂತಿತು. ಇವರು ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮರಳಿಗೆ ಇಳಿಯಿತು.

ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಮೀನುಗಾರರು ಎದ್ದು ಬಂದರು. ಒಬ್ಬರಾದ ಮೇಲೊಬ್ಬರು ‘ಗಾಲಿ ತೀಯಂಡಿ’ ಎನ್ನತೊಡಗಿದರು. ಏನಂತೆ ಎಂದು ಇವರು ಮಗಳನ್ನು ಕೇಳಿದರು. ಕಾರಿನಲ್ಲಿದ್ದಳಲ್ಲ, ಅಪ್ಪಣೆ ಮೀರದೆ ಕನ್ನಡದಲ್ಲೇ ಹೇಳಿದಳು.

“ಅಪ್ಪಾ, ಗಾಲಿ ತಗೀರಿ ಅನ್ನಾಕತ್ತಾರ.”

ನಮ್ಮ ಕಡೆ ಗಾಲಿ ಅಂದರೆ ಚಕ್ರ. ಇವರು ಅಂಗಿಯ ತೋಳು ಮಡಚಿ, ಡಿಕ್ಕಿಯಿಂದ ಜಾಕ್ ತೆಗೆದು ಚಕ್ರ ಬಿಚ್ಚಲು ಕೂತರು. ಕಾರು ಏಳುವ ಬದಲು ಜಾಕೇ ಮರಳಿಗೆ ಇಳಿಯಿತು. ಮೀನುಗಾರರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬ ಟೈರಿನ ವಾಲ್ವ್ ಮುಟ್ಟಿ ತೋರಿಸಿ ಬಾಯಲ್ಲಿ ‘ಸ್ಸ್’ ಎಂದು ಸದ್ದು ಮಾಡಿದ. ತೆಲುಗಿನ ಗಾಲಿ ನಮ್ಮ ಗಾಳಿ! ಟೈರಿನ ಗಾಳಿ ಒಂದಿಷ್ಟು ಬಿಟ್ಟರೆ ಅದು ಮೆತ್ತಗಾಗಿ ಮರಳಿನ ಮೇಲೆ ಅಗಲಕ್ಕೆ ಕೂತು ಹಿಡಿತ ಸಿಗುತ್ತದೆ, ಅಷ್ಟೇ. ಮೊಬೈಲಿನ ಗಡ್ಡದವನು ಇದನ್ನು ಬೇಕಾದಷ್ಟು ಸಲ ಹೇಳಿದ್ದ. ಯಾರಾದರೂ ‘ಪ್ರೆಶರ್’ ಎಂದಿದ್ದರೆ ಇವರು ಜಾಕ್ ಮುಟ್ಟುತ್ತಲೇ ಇರಲಿಲ್ಲ.

ಗಾಳಿ ಬಿಟ್ಟು ಎಲ್ಲರೂ ನೂಕಿದ ಮೇಲೆ ಕಾರು ಮೇಲೆ ಬಂತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಇವರೂ ನಕ್ಕರು. ಗಾಳಿ ಅನ್ನಬೇಕವ್ವಾ ಎಂದು ಮಗಳನ್ನು ತಿದ್ದಿದರು. ಕನ್ನಡದಲ್ಲೂ ಗಾಲಿ ಅಂತಲೇ ಅನ್ನುತ್ತಾರೆ ಅಂದುಕೊಂಡಿದ್ದೆ ಎಂದಳು ಅವಳು, ತಲೆ ತಗ್ಗಿಸಿ. ಇವರ ನಗು ಅಲ್ಲೇ ನಿಂತಿತು.

ಮರುದಿನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಹೊರಟೆವು. ಮೆತ್ತಗಿನ ಟೈರಿನಲ್ಲಿ ಹೆದ್ದಾರಿಗೆ ಹೋಗುವಂತಿಲ್ಲವಲ್ಲ, ಗಾಳಿ ತುಂಬಿಸಲು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಮತ್ತೆ ಮಾತಾಡಿ ನಗೆಪಾಟಲಾಗುವ ಧೈರ್ಯ ಇವರಿಗಿರಲಿಲ್ಲ, ನೀನೇ ಹೇಳು ಹೋಗು ಎಂದು ಮಗಳನ್ನು ಇಳಿಸಿದರು.

ಅವಳು ಸೊಂಟಕ್ಕೆ ಕೈಯಿಟ್ಟು ನಿಂತು ಗಾಳಿ ತುಂಬುವ ಹೆಂಗಸಿಗೆ ಹೇಳತೊಡಗಿದಳು. ಜಾಕ್ ಹಾಕಿದ್ದನ್ನು ಕುಕ್ಕರಗಾಲಲ್ಲಿ ಕೂತು ತೋರಿಸಿದಳು, ಅಪ್ಪನ ದನಿ ಅಣಕಿಸಿದಳು. ಆ ಹೆಂಗಸು ಏನೋ ಅಂದರೆ ಇವಳು ಅದಕ್ಕೆ ತಿರುಗೇಟು ಕೊಟ್ಟಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಷ್ಟೊಂದು ಮಾತು ಅವಳ ಬಾಯಿಂದ ನಾವು ಎಂದೂ ಕೇಳಿರಲಿಲ್ಲ. ಇವರು ಗಾಜು ಇಳಿಸಿ ಕಿವಿಗೊಟ್ಟರು, ಅರ್ಧವೂ ತಿಳಿಯಲಿಲ್ಲ. ಏನಂತಾಳೆ ಎಂದು ನನ್ನನ್ನು ಕೇಳಿದರು. ನಿಮ್ಮನ್ನೇ ಆಡಿಕೊಳ್ಳುತ್ತಿದ್ದಾಳೆ ಎಂದೆ.

ಅವಳು ಬಂದು ಹಿಂದಿನ ಸೀಟಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಳು. ಇವರು ಕಾರು ಹೊರಡಿಸಲಿಲ್ಲ, ಹಿಂದಕ್ಕೆ ತಿರುಗಿ ಕೂತರು.

“ಅಲ್ಲಿ ಏನ್ ಹೇಳಿದಿ, ನನಗೂ ಹೇಳವಾ,” ಎಂದರು. “ತೆಲುಗಿನ್ಯಾಗ ಹೇಳು. ತಿಳೀಲಿಲ್ಲಂದ್ರ ಕೇಳ್ತೇನಿ.”