ಮಾಸ್ಟರ ಕಾರಿನ ಎರಡು ಜೊತೆ ಸೀಟು

ನಮ್ಮ ಬೀದಿಯ ಸಲೂನ್ ಮಾಸ್ಟರ್ ಜೀವಮಾನದಲ್ಲಿ ತಾವು ಕೂತದ್ದಕ್ಕಿಂತ ಬೇರೆಯವರನ್ನು ಕೂರಿಸಿದ್ದೇ ಹೆಚ್ಚು. ಬೆಳಿಗ್ಗೆ ಷಟರ್ ಎತ್ತಿದರೆ ಮತ್ತೆ ಅದನ್ನು ಎಳೆಯುವವರೆಗೆ ನಿಂತೇ ಇರುತ್ತಾರೆ. ಅಂಗಡಿಯಲ್ಲಿ ಮೂರು ತಿರುಗುವ ಕುರ್ಚಿಗಳಿವೆ. ಗಿರಾಕಿ ಇಲ್ಲದಾಗಲೂ ಅವುಗಳ ಮೇಲೆ ಕೂರುವುದಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಮಾಸ್ಟರೇ ಕುರ್ಚೀಲಿ ಕೂತಿದ್ರೆ ಬಂದೋನು ಏನಂದ್ಕೋತಾನೆ? ಈ ಅಂಗಡೀಲಿ ಕೆಲಸ ಇಲ್ಲ ಅಂದ್ಕೊಂಡು ಮುಂದಿನ ಅಂಗಡಿಗೆ ಹೋಗ್ತಾನೆ" ಅಂದರು.

ವ್ಯಾಪಾರ ಬಲ್ಲವರ ಮಾತು. ನಾನು ಹಳೆಯ ಕಾರು ಕೊಂಡು ಮಾರುವವನು. ಇಂಥ ಮಾತು ಕಿವಿಗೆ ಬಿದ್ದರೆ ಹೊಟ್ಟೆ ತುಂಬುತ್ತದೆ.

ಅವರ ಕನ್ನಡಿಯ ಮೂಲೆಯಲ್ಲಿ ಒಂದು ಕಾರಿನ ಚಿತ್ರ ಅಂಟಿಸಿತ್ತು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗು, ಕಾಲು ಒತ್ತಿದರೆ ಚಿಮ್ಮುವ ಜಾತಿಯದು. ಗಿರಾಕಿಗಳು ಗಲ್ಲದ ಮೇಲೆ ನೊರೆ ಇಟ್ಟುಕೊಂಡೇ ಛೇಡಿಸುತ್ತಿದ್ದರು: "ಏನ್ ಮಾಸ್ಟರ್, ಯಾವಾಗ ಮನೆ ತುಂಬಿಸ್ಕೊಳ್ಳೋದು ಇವಳನ್ನ?" ಮಾಸ್ಟರ್ ಕತ್ತಿ ಮಸೆಯುತ್ತಿದ್ದರು. ಕತ್ತಿ ಮಸೆಯುವವರನ್ನು ಎರಡನೇ ಸಲ ಛೇಡಿಸುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಒಮ್ಮೆ ಆ ಕಾರು ಬರುವುದರಲ್ಲೇ ಇತ್ತು. ಅಷ್ಟರಲ್ಲಿ ಅವರ ಹೆಂಡತಿಯ ಸೊಂಟ ಕೈಕೊಟ್ಟಿತು. ಸಲೂನಿನ ಟವೆಲ್ಲುಗಳನ್ನೆಲ್ಲ ಒಗೆದು, ಬಕೆಟ್ ಹೊತ್ತು ತಾರಸಿ ಹತ್ತಿ ಒಣಹಾಕುತ್ತಿದ್ದವರು ಅವರೇ, ನಾನು ಅಕ್ಕ ಅಂತ ಕರೆಯುವವರು. ಹತ್ತಿ ಇಳಿದು ಕೀಲು ಸವೆದು, ಕೊನೆಗೆ ಅದನ್ನು ತೆಗೆಸಿ ಬದಲಿ ಕೀಲು ಹಾಕಿಸಬೇಕಾಯಿತು. ಕಾರಿಗೆಂದು ಕೂಡಿಟ್ಟದ್ದು ಆಸ್ಪತ್ರೆಗೆ ಹೋಯಿತು. ಮಾಸ್ಟರ್ ಆ ಬಗ್ಗೆ ಹೆಂಡತಿಯ ಮುಂದೆ ತುಟಿಪಿಟಿಕ್ ಅನ್ನಲಿಲ್ಲ. ಆದರೆ ಚಿತ್ರವನ್ನೂ ಕೀಳಲಿಲ್ಲ. ನನ್ನ ಟವೆಲ್ಲು ಅವಳ ಸೊಂಟ ತಿಂದಿತು ಅಂತ ಇವರು, ನನ್ನ ಸೊಂಟ ಅವರ ಕಾರು ತಿಂದಿತು ಅಂತ ಅವರು. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳದೆ, ನನ್ನಂಥ ಮೂರನೆಯವರ ಮುಂದೆ ಮಾತ್ರ ಹೇಳಿಕೊಂಡು ಸಂಸಾರ ಮಾಡುತ್ತಿದ್ದರು.

ಮಾಸ್ಟರ್ ಮತ್ತೆ ಮೊದಲಿಂದ ದುಡ್ಡು ಕೂಡಿಟ್ಟು ಮುಗಿಸುವ ಹೊತ್ತಿಗೆ ಅಂಥದೇ ಕಾರು ನನ್ನ ಅಂಗಳಕ್ಕೆ ಬಂತು, ಅವರು ಕೊಳ್ಳಲು ಒಪ್ಪಿದರು. ಮಾರಿದವನು ಹಲ್ಲಿನ ಡಾಕ್ಟರ ಅಳಿಯ. ಕಾರು ಓಡಿಸಿದ್ದಕ್ಕಿಂತ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದೇ ಹೆಚ್ಚು. ಕಂಪನಿ ಕೊಟ್ಟ ಮಾಮೂಲಿ ಸೀಟುಗಳನ್ನು ಬಿಚ್ಚಿಸಿ, ಪ್ಲಾಸ್ಟಿಕ್ ಸುತ್ತಿಟ್ಟು, ಸ್ಪೋರ್ಟ್ ಸೀಟು ಹಾಕಿಸಿದ್ದ. ಎರಡು ಜೊತೆಯೂ ಕಾರಿನೊಂದಿಗೆ ನನ್ನ ಪಾಲಿಗೆ ಬಂದವು. ಸ್ಪೋರ್ಟ್ ಸೀಟು ತಗ್ಗು, ಗಟ್ಟಿ. ತೊಡೆಯ ಆಚೀಚೆ ಎದ್ದು ನಿಂತ ದಿಂಡು, ಪಕ್ಕೆಯ ಆಚೀಚೆ ಇನ್ನೊಂದು, ಕಿವಿಯ ಪಕ್ಕಕ್ಕೂ ಚಾಚಿದ ರೆಕ್ಕೆ. ಕಾರು ಎಂಥ ತಿರುವಿನಲ್ಲಿ ಎಸೆದಾಡಿದರೂ ಕೂತವನು ಮೊಳೆ ಹೊಡೆದ ಹಾಗೆ ಇರುತ್ತಾನೆ. ಮಾಮೂಲಿ ಸೀಟು ಅದಕ್ಕಿಂತ ಎತ್ತರ, ಚಪ್ಪಟೆ. ತಿರುವಿನಲ್ಲಿ ಜಾರಿಸುತ್ತದೆ, ಹತ್ತಿ ಇಳಿಯುವುದು ಮಾತ್ರ ಸಲೀಸು.

ಕಾರಿಗೆ ಒಂದೇ ಜೊತೆ ಸೀಟು, ಮಿಕ್ಕದ್ದು ನನ್ನದು: ಇದು ನಮ್ಮ ಅಂಗಡಿಯ ಕಟ್ಟಳೆ. ಸ್ಪೋರ್ಟ್ ಸೀಟಿಗೆ ಆಗಲೇ ಒಬ್ಬ ರೇಸಿನವನು ಗಂಟುಬಿದ್ದಿದ್ದ. ಶನಿವಾರ ಮಧ್ಯಾಹ್ನ ವ್ಯಾನ್ ತರುತ್ತೇನೆ, ಸಿಕ್ಕರೆ ಅವತ್ತು, ಇಲ್ಲವಾದರೆ ಬೇರೆ ಕಡೆ ಎಂದಿದ್ದ. ಮಾಮೂಲಿ ಸೀಟನ್ನು ಕೇಳುವವರೇ ಇಲ್ಲ. ಅಂದರೆ ಮಾಸ್ಟರ್ ಮಾಮೂಲಿ ಆರಿಸಿದರೆ ನನಗೆ ಲಾಭ. ಸ್ಪೋರ್ಟ್ ಆರಿಸಿದರೆ ನನ್ನ ಗೋದಾಮಿನ ಇಲಿಗಳಿಗೆ ಹಾಸಿಗೆ. ಇದು ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಕತ್ತರಿಯ ಕೆಳಗೆ ತಲೆ ಕೊಟ್ಟು ಕೂತಾಗ ನಾನೇ ಒದರಿಬಿಟ್ಟಿದ್ದೆ.

ಆ ಶನಿವಾರ ಮಾಸ್ಟರ್ ಅಂಗಡಿ ಮುಚ್ಚಿ, ಗರಿಗರಿ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಅಕ್ಕನ ಜೊತೆ ಬಸ್ಸಿಳಿದು ಬಂದರು. ನನ್ನ ಆಫೀಸಿನಲ್ಲಿ ಒಂದು ಮೆತ್ತನೆಯ ಸೋಫಾ ಇದೆ. ಅದರಲ್ಲಿ ಹೂತುಕೊಂಡ ಗಿರಾಕಿ ಬೇಗ ಏಳುವುದಿಲ್ಲ, ಅದಕ್ಕೇ ಇಟ್ಟಿರುವುದು. ಅಕ್ಕ ಅದನ್ನು ಒಮ್ಮೆ ನೋಡಿ, ಆಚೆ ಹೋಗಿ, ಕೌಂಟರಿನ ಎತ್ತರದ ಸ್ಟೂಲಿನ ಮೇಲೆ ಕೂತರು.

"ಸೋಫಾದಲ್ಲಿ ಕೂತ್ಕೊಳ್ಳಿ ಅಕ್ಕ."

"ಇಲ್ಲೇ ಚೆನ್ನಾಗಿದೆ ಅಣ್ಣ, ಗಾಳಿ ಬರತ್ತೆ."

ಫ್ಯಾನು ಸೋಫಾದ ಮೇಲೆ ತಿರುಗುತ್ತಿತ್ತು. ನನಗೆ ಅಲ್ಲೇ ಸಂಶಯ ಬಂತು.

ಆಮೇಲೆ ಮೂವರೂ ಅಂಗಳಕ್ಕೆ ಬಂದೆವು. ಮಾಸ್ಟರ್ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನೊಳಗೆ ಇಳಿದರು. ಹತ್ತಿದರು ಅನ್ನುವ ಹಾಗಿಲ್ಲ, ಇಳಿದರು. ಕಣ್ಣು ಮುಚ್ಚಿಕೊಂಡರು. ನಿಂತೂ ನಿಂತೂ ನರ ಉಬ್ಬಿದ ಆ ಕಾಲುಗಳು ಎರಡು ದಿಂಡುಗಳ ನಡುವೆ ತಣ್ಣಗೆ ಸೇರಿಕೊಂಡವು.

"ಯಜಮಾನ್ರೇ, ಹಿಡ್ಕೊಂಡ್ತು ಕಣ್ರೀ ಇದು ನನ್ನ" ಅಂದರು. "ಯಾವ ಕುರ್ಚೀನೂ ಹಿಂಗೆ ಹಿಡ್ಕೊಂಡಿಲ್ಲ. ಇದೇ ಇರ್ಲಿ. ಆ ರೇಸಿನೋನಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳಿ."

"ಅಕ್ಕನ್ನ ಒಂದ್ ಮಾತು ಕೇಳಿ ಮಾಸ್ಟರ್. ತಗ್ಗು ಜಾಗದಲ್ಲಿ ಕೂತ್ರೆ ಕೀಲು ಜಾರತ್ತೆ, ಕೂರಲೇಬಾರ್ದು ಅಂತ ಡಾಕ್ಟ್ರು ಹೇಳಿದ್ರಂತಲ್ಲ? ನೀವೇ ಹೇಳಿದ್ರಿ."

"ಅದು ಹಳೇ ಕಥೆ. ಹೋದ ಸಲ ಅವಳ ತಂಗಿ ಜೊತೆ ತೋರಿಸ್ಕೊಂಡು ಬಂದ್ಲು. ಇನ್ನೇನೂ ಪಥ್ಯ ಇಲ್ಲ ಅಂದ್ರಂತೆ. ಅಲ್ವೇನೇ?"

"ಹೂಂ ರೀ. ಕುಣೀಬಹುದು ಅಂದ್ರು" ಅಂದರು ಅಕ್ಕ.

"ಕೇಳಿದ್ರಾ? ಕುಣೀಬಹುದಂತೆ!" ಮಾಸ್ಟರ್ ನನ್ನತ್ತ ಕಣ್ಣು ಮಿಟುಕಿಸಿದರು. "ನಿಮಗ್ಯಾಕೆ ಇದ್ದಕ್ಕಿದ್ದಂಗೆ ನಮ್ಮನೆಯವಳ ಸೊಂಟದ ಚಿಂತೆ? ವ್ಯಾನ್ ಬರೋ ಹೊತ್ತಾಯ್ತು ಅಂತ ತಾನೇ?"

ಅಪರೂಪಕ್ಕೊಮ್ಮೆ ನನ್ನೊಳಗೆ ಅಪ್ಪಟ ಕಾಳಜಿ ಹುಟ್ಟಿತ್ತು. ಹುಟ್ಟುವಾಗಲೇ ಅದರ ಹಣೆಯಲ್ಲಿ ನನ್ನ ಲಾಭ ಬರೆದಿತ್ತು.

"ಬಾರೇ, ನೀನೂ ಕೂತು ನೋಡು."

ಅಕ್ಕ ಆಚೆ ಬದಿಯ ಬಾಗಿಲಿನ ಚೌಕಟ್ಟು ಹಿಡಿದು, ಬೆನ್ನು ತಿರುಗಿಸಿ, ಮೆಲ್ಲಗೆ ಬಗ್ಗಿದರು. ಅರ್ಧ ದಾರಿಯವರೆಗೆ ಕೈ ತಡೆಯಿತು. ಆಮೇಲೆ ದೊಪ್ಪನೆ ಒಳಗೆ ಬಿದ್ದರು. ಮಂಡಿ ಎದೆಯ ಹತ್ತಿರಕ್ಕೆ ಬಂತು. ಮುಖದ ಬಣ್ಣ ಇಳಿಯಿತು. ಬಾಗಿಲ ಹಿಡಿ ಹಿಡಿದ ಬೆರಳ ಗೆಣ್ಣುಗಳು ಬಿಳಿಚಿದವು. ಮಾಸ್ಟರಿಗೆ ಇದೊಂದೂ ಕಾಣಲಿಲ್ಲ. ಕಿವಿಯ ಪಕ್ಕದ ರೆಕ್ಕೆ ಅಡ್ಡ ಇತ್ತು. ಅದೂ ಅಲ್ಲದೆ ಅವರ ಕಣ್ಣು ಮೀಟರಿನ ಮುಳ್ಳಿನ ಮೇಲಿತ್ತು.

"ಹೆಂಗಿದೆ?"

"ತೊಟ್ಟಿಲಲ್ಲಿ ಕೂತಂಗಿದೆ ರೀ." ದನಿ ಮಾತ್ರ ನಗುತ್ತಿತ್ತು.

"ಅಕ್ಕ, ಇಳೀರಿ. ಆ ಮಾಮೂಲಿ ಸೀಟೂ ಒಮ್ಮೆ ನೋಡಿ" ಅಂದೆ ನಾನು.

"ಅವಸರ ಏನಣ್ಣ? ಇನ್ನೂ ಸ್ವಲ್ಪ ಹೊತ್ತು ಕೂರ್ತೀನಿ."

"ನೋಡ್ರೀ, ಅವಳಿಗೆ ಏಳೋಕೇ ಮನಸ್ಸಿಲ್ಲ!" ಮಾಸ್ಟರ್ ಸ್ಟೀರಿಂಗ್ ಬಡಿದು ನಕ್ಕರು.

ಮನಸ್ಸಿನ ಮಾತಲ್ಲ, ಅವರಿಂದ ಏಳುವುದಕ್ಕೇ ಆಗುತ್ತಿರಲಿಲ್ಲ. ಅಕ್ಕ ಗಾಜಿನೊಳಗಿಂದ ನನ್ನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟೀಯ, ಜೋಕೆ ಎಂಬ ನೋಟ. ಮೇಲ್ತುಟಿಯ ಮೇಲೆ ಬೆವರು.

ಆಗಲೇ ಗೇಟಿನಲ್ಲಿ ಹಾರ್ನ್ ಕೇಳಿಸಿತು. ರೇಸಿನವನು ವ್ಯಾನಿನಿಂದ ಹಾರಿ ಇಳಿದು, "ಸೀಟ್ ಬಿಚ್ಚಿದ್ರಾ ಸಾರ್?" ಅಂದ.

"ಬಿಚ್ಚೋದಿಲ್ಲಪ್ಪ, ಬಂದ ದಾರೀಲೇ ಹೋಗು" ಅಂದರು ಮಾಸ್ಟರ್ ಒಳಗಿಂದ.

"ಏನ್ ಸಾರ್ ಇದು? ಆಗಿಲ್ಲ ಅಂದ್ರೆ ಫೋನ್ ಮಾಡ್ಬೇಕು ತಾನೇ? ಪೆಟ್ರೋಲ್ ಏನ್ ನಲ್ಲೀಲಿ ಬರತ್ತಾ?"

ನನ್ನ ಮೆಕ್ಯಾನಿಕ್, ಎಲ್ಲರೂ ಸ್ಪ್ಯಾನರ್ ಅಂತಲೇ ಕರೆಯುವವನು, ಬಿಚ್ಚಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತ ನಿಂತಿದ್ದ. ಅಕ್ಕನಿಗೆ ಏಳಲಾಗುತ್ತಿಲ್ಲ ಅಂದರೆ ಮಾಸ್ಟರ್ ನಂಬುವುದಿಲ್ಲ, ವ್ಯಾಪಾರದ ಆಟ ಅನ್ನುತ್ತಾರೆ. ಅಕ್ಕನೂ ಹೌದು, ಆಟವೇ ಅನ್ನುತ್ತಾರೆ. ಸುಮ್ಮನಿದ್ದರೆ ಈ ಜೊತೆಯೇ ಖಾಯಂ. ಆಮೇಲೆ ಅಕ್ಕ ಗಂಡನ ಖುಷಿಗೆಂದು ದಿನಾ ಇದರೊಳಗೆ ಬೀಳುತ್ತಾರೆ, ಒಂದು ದಿನ ಕೀಲು ಕಳಚುವವರೆಗೆ. ನನ್ನ ಮಾತಿಗೆ ಬೆಲೆಯಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ: ನನ್ನ ನಷ್ಟ. ವ್ಯಾಪಾರಿಯ ನಷ್ಟವನ್ನು ಎಲ್ಲರೂ ನಂಬುತ್ತಾರೆ.

"ಮಾಸ್ಟರ್, ಒಂದು ಪಂದ್ಯ" ಅಂದೆ. "ಅಕ್ಕ ಯಾರ ಕೈನೂ ಹಿಡೀದೆ ಈ ಸೀಟಿಂದ ಎದ್ದು ಹೊರಗೆ ನಿಲ್ಲಲಿ. ನಿಂತ್ರೆ ಎರಡು ಜೊತೆನೂ ನಿಮ್ದೇ. ಪುಕ್ಕಟೆ."

ಸ್ಪ್ಯಾನರ್ ನನ್ನ ಹಣೆ ಮುಟ್ಟಿ ನೋಡುವವನಂತೆ ಹತ್ತಿರ ಬಂದ. ಮಾಸ್ಟರ ನಗು ಅರ್ಧಕ್ಕೇ ನಿಂತಿತು. ನನ್ನ ಬಾಯಿಂದ ಪುಕ್ಕಟೆ ಎಂಬ ಶಬ್ದ ಅವರು ಕೇಳಿದ್ದು ಅದೇ ಮೊದಲು. ಅವರು ರೆಕ್ಕೆಯಿಂದ ಮುಖ ಹೊರಗೆ ಚಾಚಿ, ಮೊದಲು ನನ್ನನ್ನು, ಆಮೇಲೆ ನಿಧಾನವಾಗಿ ಹೆಂಡತಿಯನ್ನು ನೋಡಿದರು.

ಅಕ್ಕ ಹಿಂಜರಿಯುತ್ತಾರೆ, ಗುಟ್ಟು ತಾನಾಗಿ ಹೊರಬೀಳುತ್ತದೆ ಎಂಬುದು ನನ್ನ ಎಣಿಕೆ. ಎಣಿಕೆ ತಪ್ಪಿತು. ಸಲೂನಿಗೆ ಸೋಪು ತರುವುದಿದ್ದರೂ ಚೌಕಾಸಿಯಲ್ಲಿ ಮಾರುಕಟ್ಟೆಯವರೆಲ್ಲರ ಬೆವರಿಳಿಸಿ ಬರುವ ಹೆಂಗಸು ಅದು. ಎರಡು ಜೊತೆ ಪುಕ್ಕಟೆ ಎಂದರೆ ಬಿಡುವುದುಂಟೆ?

"ಮಾತಿಗೆ ತಪ್ಪಬಾರ್ದು ಅಣ್ಣ" ಅಂದವರೇ ಚೌಕಟ್ಟಿಗೆ ಕೈ ಹಾಕಿದರು.

ಒಂದು ಸಲ ಅರ್ಧ ಎದ್ದರು. ಸೀಟು ಅವರನ್ನು ಹಿಂದಕ್ಕೆ ಎಳೆದುಕೊಂಡಿತು. ಹಲ್ಲು ಕಚ್ಚಿ ಮತ್ತೆ ಮುಂದಕ್ಕೆ ಬಾಗಿದರು. ಎದೆ ಮಂಡಿಗೆ ತಾಗಿತು, ಪಾದ ಒಳಕ್ಕೆ ತಿರುಗಿತು.

"ಬೇಡ ಅಕ್ಕ, ಸಾಕು! ನಾನೇ ಸೋತೆ!"

"ಪಂದ್ಯ ಕಟ್ಟಿದ್ದು ನೀವು..." ಮಾತು ಅಲ್ಲೇ ಕಡಿಯಿತು. ಅವರು ಕೂಗಲಿಲ್ಲ. ಒಳಗೆ ಹೋದ ಉಸಿರು ಹೊರಗೆ ಬರಲಿಲ್ಲ, ಅಷ್ಟೇ.

"ಅಲ್ಲಾಡ್ಬೇಡ!" ಅಂದರು ಮಾಸ್ಟರ್.

ಅವರು ಆ ಬಾವಿಯಂಥ ಸೀಟಿನಿಂದ ಹೇಗೆ ಹೊರಬಂದರೋ, ಕಾರು ಸುತ್ತಿ ಹೇಗೆ ಈಚೆ ಬಂದರೋ ನಾನು ಕಾಣೆ. ಗ್ರೀಸು ಹತ್ತಿದ ನೆಲದ ಮೇಲೆ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿದ್ದರು. "ಸ್ಪ್ಯಾನರ್, ಸೀಟು ಪೂರ್ತಿ ಹಿಂದಕ್ಕೆ ತಳ್ಳು. ಮೆಲ್ಲಗೆ, ಮೆಲ್ಲಗೆ. ಲೇ, ಆ ಕಾಲು ಮುಂದಕ್ಕೆ ಚಾಚು. ಮಡಿಸ್ಬೇಡ. ಕೈ ಎರಡೂ ನನ್ನ ಕುತ್ತಿಗೆಗೆ ಹಾಕು. ನೀನು ಏಳಬೇಡ, ನಾನು ಎತ್ತುತ್ತೀನಿ."

ಎತ್ತಿದರು. ಅಕ್ಕ ಕಾರಿನ ಮಾಡು ಹಿಡಿದು ಒಂದೇ ಕಾಲಿನ ಮೇಲೆ ನಿಂತರು. ಇನ್ನೊಂದು ಪಾದ ನೆಲ ಮುಟ್ಟಲು ಹೆದರುತ್ತಿತ್ತು. ಪೆಟ್ರೋಲಿನ ಲೆಕ್ಕ ಕೇಳಿದ್ದವನೂ ಆ ಪಾದವನ್ನೇ ನೋಡುತ್ತಿದ್ದ. ಅಕ್ಕ ಮೊದಲು ಹೆಬ್ಬೆರಳು ಊರಿದರು. ಆಮೇಲೆ ಹಿಮ್ಮಡಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ ಬಿಟ್ಟರು.

"ಇದೆ" ಅಂದರು. "ಜಾಗದಲ್ಲೇ ಇದೆ ರೀ."

ಮಾಸ್ಟರ್ ಎದ್ದು ನಿಲ್ಲಲಿಲ್ಲ. ಮಂಡಿಯೂರಿಕೊಂಡೇ ಕೇಳಿದರು: "ಡಾಕ್ಟ್ರು ನಿಜವಾಗ್ಲೂ ಏನಂದ್ರು?"

"ತಗ್ಗಲ್ಲಿ ಕೂರ್ಬೇಡಿ ಅಂದ್ರು."

"ಎಲ್ಲೀವರೆಗೆ?"

"ಇರೋವರೆಗೆ."

"ಮತ್ತೆ ನನ್ನ ಹತ್ರ ಯಾಕೆ ಕುಣಿಯೋ ಕಥೆ ಹೇಳಿದೆ?"

ಅಕ್ಕ ಬೇರೆ ಕಡೆ ನೋಡಿದರು. "ನೀವು ಕನ್ನಡಿ ಒರೆಸೋದು ನೋಡಿದೀನಿ. ಆ ಚಿತ್ರ ಒದ್ದೆ ಆಗ್ಬಾರ್ದು ಅಂತ ಅದರ ಸುತ್ತ ಸುತ್ತ ಒರೆಸ್ತೀರಿ. ಒಂದು ದಿನಾನಾದ್ರೂ ನನ್ನ ಬೈದಿದ್ರೆ ನಂಗೂ ಹಗುರ ಆಗಿರೋದು. ಬೈಲಿಲ್ಲ. ಹೋಗ್ಲಿ ಬಿಡಿ, ನಿಮಗೆ ಬೇಕಾದ ಸೀಟೇ ಇರ್ಲಿ. ನಾನು ಬಸ್ಸಲ್ಲಿ ಬರ್ತೀನಿ."

ಮಾಸ್ಟರ ಮುಖ ಕೆಂಪಗಾಯಿತು. ಬೈಯುತ್ತಾರೆ ಅಂದುಕೊಂಡೆ, ಬೈಯಲು ಆ ಹೊತ್ತಿಗಿಂತ ಪ್ರಶಸ್ತ ಹೊತ್ತು ಸಿಗುತ್ತಿರಲಿಲ್ಲ. ಅವರು ಎದ್ದು, ಮಂಡಿಯ ಗ್ರೀಸನ್ನು ಉಜ್ಜಿ ಇನ್ನಷ್ಟು ಹರಡಿಕೊಂಡು, "ಬಿಚ್ಚಪ್ಪ" ಅಂದರು ಸ್ಪ್ಯಾನರನಿಗೆ.

ಸ್ಪ್ಯಾನರ್ ತಲೆ ಕೆರೆದುಕೊಂಡ. "ಮಾಸ್ಟರ್, ಒಂದ್ ಮಾತು. ಅಕ್ಕನ ಕಡೆ ಮಾಮೂಲಿ ಹಾಕ್ತೀನಿ. ನಿಮ್ಮ ಕಡೆ ಸ್ಪೋರ್ಟೇ ಇರ್ಲಿ. ಯಾರು ಬೇಡ ಅಂತಾರೆ?"

"ನಂಗೂ ಒಂದೇ ಸಾಕು" ಅಂದ ರೇಸಿನವನು. "ಪಕ್ಕದ ಸೀಟನ್ನ ನಾನು ಹೇಗೂ ಕಿತ್ತು ಬಿಸಾಕೋದೇ."

ಇಷ್ಟು ಸುಲಭದ ದಾರಿ ನನ್ನ ತಲೆಗೆ ಹೊಳೆದಿರಲಿಲ್ಲ. ಜೊತೆ ಮುರಿದರೆ ಮಾಲಿನ ಬೆಲೆ ಬೀಳುತ್ತದೆ ಎಂಬುದು ಎಷ್ಟೋ ಕಾಲದಿಂದ ತಲೆಯೊಳಗೆ ಕೂತುಬಿಟ್ಟಿದೆ. ಎಲ್ಲರೂ ಮಾಸ್ಟರನ್ನು ನೋಡಿದೆವು. ಅವರು ಡ್ರೈವರ್ ಸೀಟಿನ ದಿಂಡಿನ ಮೇಲೆ, ತೊಡೆ ತಾಗುವ ಜಾಗದಲ್ಲಿ, ಅಂಗೈ ಇಟ್ಟರು. ತುಸು ಒತ್ತಿದರು. ಅದು ಒತ್ತಿದಷ್ಟೂ ವಾಪಸ್ಸು ಒತ್ತಿತು. ಬೇಕು ಎಂಬುದು ಅವರ ಬೆನ್ನಲ್ಲೇ ಕಾಣುತ್ತಿತ್ತು. ಅಕ್ಕನೂ, "ಹಂಗೇ ಮಾಡಿ ರೀ, ಬಂಗಾರದಂಥ ಮಾತು" ಅಂದರು.

ಮಾಸ್ಟರ್ ಕೈ ತೆಗೆದರು.

"ಬೇಡ. ಇದರಲ್ಲಿ ಕೂತ್ರೆ ಪಕ್ಕದಲ್ಲಿರೋರ ಮುಖ ಕಾಣಲ್ಲ. ಇಂಥ ಸುಳ್ಳಿಯನ್ನ ಕಣ್ಣಿಗೆ ಕಾಣೋ ಹಂಗೇ ಕೂರಿಸ್ಕೋಬೇಕು."

ಅಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮಾಸ್ಟರ್ ನಗಲಿಲ್ಲ. ಸೀಟು ಬದಲಾಗುವವರೆಗೂ ಕೈ ಕಟ್ಟಿಕೊಂಡು ನಿಂತಿದ್ದರು. ಸ್ಪೋರ್ಟ್ ಸೀಟುಗಳನ್ನು ವ್ಯಾನಿಗೆ ಏರಿಸುವಾಗ ಮಾತ್ರ ಬೆನ್ನು ತಿರುಗಿಸಿದರು.

ಅಕ್ಕ ಮೊದಲು ಸೀಟಿನ ಅಂಚಿನಲ್ಲಿ ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಂದುಕೊಂಡರು. ಮಾಸ್ಟರ್ ಬಗ್ಗಿ, ಮಂಡಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿ, ಬಾಗಿಲು ಹಾಕಿ, ಸುತ್ತಿ ಬಂದು ಸ್ಟೀರಿಂಗ್ ಹಿಡಿದರು. ಕಾರು ಗೇಟಿನತ್ತ ತೆವಳಿತು. ಹೊಸ್ತಿಲಿನ ಸಣ್ಣ ಉಬ್ಬು ದಾಟಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾನು ಇನ್ನೊಂದು ಕಾರು ಮಾರಿಬಿಡಬಹುದಿತ್ತು. ರಸ್ತೆಗಿಳಿದ ಮೇಲೂ ಅದೇ ಆಮೆ ನಡೆ. ಹಿಂದೆ ಒಂದು ಸೈಕಲ್ಲಿನವನು ಬೆಲ್ ಬಾರಿಸಿದ.

ಇಳಿಸಿದ ಗಾಜಿನಿಂದ ಅಕ್ಕನ ದನಿ ಕೇಳಿಸಿತು: "ಏನ್ರೀ, ಮೊಟ್ಟೆ ಬುಟ್ಟಿ ಸಾಗಿಸ್ತಿದೀರಾ? ಒತ್ತಿ!"

ಮಾಸ್ಟರ್ ಅವರ ಕಡೆ ತಿರುಗಿದರು. ಮುಖವನ್ನು ಚೆನ್ನಾಗಿ, ಸಾವಕಾಶವಾಗಿ ನೋಡಿದರು. ಈ ಸಲ ಹೇಳಿದ್ದು ನಿಜ ಎಂದು ಖಾತ್ರಿಯಾಗಿರಬೇಕು, ಒತ್ತಿದರು.