ಕುಪ್ಪಗಡ್ಡೆಯ ಮರಳು ನೊಣ

ಸೊರಬ ತಾಲೂಕಿನ ಕುಪ್ಪಗಡ್ಡೆಯ ಗಿರಿಜಮ್ಮನವರ ಕೊಟ್ಟಿಗೆಗೆ ನಾವು ಹೋದದ್ದು ಮರಳು ನೊಣ ಹಿಡಿಯಲು. ಸೊಳ್ಳೆಗಿಂತ ಚಿಕ್ಕದಾದ ಈ ಕೀಟದ ಕೆಲವು ಜಾತಿಗಳು ಕಾಯಿಲೆ ಹರಡುತ್ತವೆ. ಜೊತೆಗಿದ್ದ ಗೆಳತಿ ಶಬಾನಾ ಶಿಕಾರಿಪುರದ ದರ್ಜಿಯ ಮಗಳು. ಅಲ್ಲಿನ ನೊಣಗಳೂ ಸೊರಬದವೂ ಬೆರೆಯುತ್ತವೆಯೇ ಎಂದು ಅವುಗಳ ವಂಶವಾಹಿ ನೋಡಿ ತಿಳಿಯುವುದು ಅವಳ ಸಂಶೋಧನೆ. ಬೆರೆತರೆ ಕಾಯಿಲೆಯೂ ಊರು ದಾಟಬಹುದು.

"ಇವತ್ತು ಬ್ಯಾಡ ಮಾರಾಯ್ತಿ. ಮಗಳನ್ನ ನೋಡಕ್ಕೆ ಶಿಕಾರಿಪುರದಿಂದ ಗಂಡಿನ ಕಡೆಯೋರು ಬರ್ತಿದಾರೆ. ನಮ್ಮನೇಲಿ ರೋಗದ ನೊಣ ಇದೆ ಅಂದ್ಕೊಂಡ್ರೆ?" ಎಂದು ಗಿರಿಜಮ್ಮ ಹೆದರಿದರು.

ಮಗಳು ಸವಿತಾ ಮಾತ್ರ ರೇಷ್ಮೆ ಸೀರೆಯಲ್ಲೇ ಬಂದು ಗೋಡೆಯ ಬಿರುಕಿಗೆ ಟಾರ್ಚ್ ಹಿಡಿದಳು. ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು. ಗಿರಿಜಮ್ಮನವರ ಮುಖ ಬಾಡಿತು. ಹುಡುಗ ನೇರ ಕೊಟ್ಟಿಗೆಗೇ ಬಂದ. ವಿಷಯ ಕೇಳಿ, ಇಸ್ತ್ರಿ ಪ್ಯಾಂಟನ್ನು ಮಡಚಿ, ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಅಲ್ಲೊಂದು ಐತ್ ನೋಡ್ರಿ!"

ರೆಕ್ಕೆ ಎತ್ತಿ ಕೂತಿದ್ದ ನೊಣವನ್ನು ಶಬಾನಾ ಗಾಜಿನ ಕೊಳವೆಯೊಳಗೆ ಮೆಲ್ಲಗೆ ಎಳೆದುಕೊಂಡಳು. ಮೂವರೂ ಕುಣಿದಾಡಿದರು.

"ಎರಡೂ ಊರಿನ ನೊಣಕ್ಕೆ ಸಂಬಂಧ ಐತೇನ್ರಿ?" ಎಂದು ಹುಡುಗ ಕೇಳಿದ.

"ಗೊತ್ತಾಗಕ್ಕೆ ಇನ್ನೂ ತಿಂಗಳುಗಟ್ಟಲೆ ಬೇಕು," ಎಂದಳು ಶಬಾನಾ.

"ನಮಗೆ ಅಷ್ಟೆಲ್ಲ ದಿನ ಬ್ಯಾಡ," ಎಂದಳು ಸವಿತಾ, ಗೋಡೆ ನೋಡುತ್ತಲೇ.

ಹುಡುಗನ ಕಿವಿ ಕೆಂಪಾಯಿತು. ಗಿರಿಜಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೋಡಿದರು. ಎಲ್ಲರಿಗೂ ಚಹಾ ಕೊಟ್ಟಿಗೆಗೇ ಬಂತು.